ಎರಡು ಅಂಕಣಗಳಲ್ಲಿ ಎರಡು ಊರು

ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ವಚನಗಳ ತಾಡೋಲೆಗಳನ್ನು ಕೂಡಿಸಿದರು. ಅವುಗಳನ್ನು ಅಚ್ಚು ಹಾಕಲೆಂದು ಇದ್ದ ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಇಂದು ತಾಡೋಲೆಯ ಛಾಯಾಚಿತ್ರಗಳೂ ವಚನಗಳ ಪಾಠಗಳೂ ಸರ್ವರ್ ಎಂಬ ದೂರದ ಗಣಕಯಂತ್ರದಲ್ಲಿ ನೆಲೆಗೊಳ್ಳುತ್ತಿವೆ. ಅಲೆದಾಟ ತಪ್ಪಿತು, ನಿಜ. ಆದರೆ ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಕಾಲೇಜಿಗೆ ಬರುವ ವಿದ್ಯಾರ್ಥಿಯ ಮನೆಯಲ್ಲಿರುವುದು ಹಳೆಯ ಯಂತ್ರ, ಕುಂಟುವ ಸಂಪರ್ಕವಾದರೆ ಆ ಭಂಡಾರದ ಬಾಗಿಲು ತೆರೆಯುವ ಬಗೆ ಯಾವುದು?

ಇದಕ್ಕೊಂದು ಸರಳ ಸಾಧನವುಂಟು. ಹೆಸರು ಮಿಡ್‌ನೈಟ್ ಕಮಾಂಡರ್. ಮೆಕ್ಸಿಕೋದ ಮಿಗೆಲ್ ಡಿ ಇಕಾಸಾ 1994ರಲ್ಲಿ ಇದನ್ನು ರಚಿಸಿ ಹೊರತಂದನು. ಮಾದರಿ, 1986ರ ನಾರ್ಟನ್ ಕಮಾಂಡರ್. ಚಿತ್ರಗಳಿಲ್ಲ, ಅಲಂಕಾರವಿಲ್ಲ, ಅಕ್ಷರಗಳಿಂದಲೇ ಕಟ್ಟಿದ ಎರಡು ಅಂಕಣಗಳು. ಬೆಲೆಯೂ ಇಲ್ಲ. ಎಫ್9 ಒತ್ತಿ ಬಲ ಅಂಕಣದ ಪಟ್ಟಿಯಲ್ಲಿ ‘ಷೆಲ್ ಲಿಂಕ್’ ಆರಿಸಿ, ಸರ್ವರಿನ ವಿಳಾಸ, ಗುಪ್ತಪದಗಳನ್ನು ಕೊಟ್ಟರಾಯಿತು. ಎಡಗಡೆ ತಿಕೋಟಾದ ಮನೆ, ಬಲಗಡೆ ಎಲ್ಲಿಯೋ ಇರುವ ಭಂಡಾರ! ಎಫ್5 ಒತ್ತಿದರೆ ಕಡತವು ಅಲ್ಲಿಂದ ಇಲ್ಲಿಗೆ ನಕಲಾಗುತ್ತದೆ. ನಡುವಿನ ಮಾತುಕತೆಯೆಲ್ಲ ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಹಾದಿಯಲ್ಲಿ ನಡೆಯುವುದರಿಂದ ದಾರಿಯಲ್ಲಿ ಕದ್ದು ಓದುವ ಭಯ ಕಡಿಮೆ.

ಕಡತಗಳ ಹೆಸರುಗಳು ಬರಲು ಸಂಪರ್ಕದ ಮೇಲೆ ಹೆಚ್ಚು ಭಾರವಿಲ್ಲ. ಒಳಗನ್ನು ನೋಡಹೊರಟಾಗ ಮಾತ್ರ ಎಚ್ಚರ ಬೇಕು. ಎಫ್3 ಒತ್ತಿದೊಡನೆ ಇಡೀ ಕಡತ ಇಳಿದುಬರುತ್ತದೆ. ತಾಡೋಲೆಯ ದೊಡ್ಡ ಛಾಯಾಚಿತ್ರವಾದರೆ ಅಷ್ಟರಲ್ಲಿ ಒಂದು ಚಹಾ ಕುಡಿದು ಬರಬಹುದು.

ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕೆಂಬುದನ್ನು, ಹೆಸರಿನ ಕೊನೆಯ ಬಾಲವನ್ನು ನೋಡಿ ಗೊತ್ತುಪಡಿಸುವ ವಿಸ್ತರಣೆಯ ಏರ್ಪಾಡೂ ಇದರಲ್ಲಿದೆ. ಕನ್ನಡಿಗರಿಗೆ ಇದು ಬಹು ಉಪಕಾರಿ. ಏಕೆಂದರೆ ಸಮ ಅಗಲದ ಚೌಕಗಳಲ್ಲಿ ಅಕ್ಷರ ಕೂಡಿಸುವ ಈ ಪರದೆಯಲ್ಲಿ ನಮ್ಮ ಒತ್ತಕ್ಷರಗಳು ಸ್ಥಳ ತಪ್ಪಿ ಚೆಲ್ಲಾಪಿಲ್ಲಿಯಾಗುತ್ತವೆ. ವಚನದ ಕಡತವನ್ನು ಕನ್ನಡ ಸರಿಯಾಗಿ ತೋರುವ ಬೇರೆ ತಂತ್ರಾಂಶಕ್ಕೆ ಒಪ್ಪಿಸುವಂತೆ ಒಮ್ಮೆ ಬರೆದಿಟ್ಟರೆ ತೊಂದರೆ ನೀಗುತ್ತದೆ. ಹೆಸರುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿಡುವುದೇ ಸದ್ಯದ ಉಪಾಯ. ಅಕ್ಕಮಹಾದೇವಿಗೆ ರೋಮನ್ ಲಿಪಿಯ ಉಡುಗೆ! ಕನ್ನಡ ಮೇಷ್ಟರಿಗೆ ಇದು ನುಂಗಲಾರದ ತುತ್ತು.

ದೂರದ ಊರು ಪಕ್ಕದ ಕೋಣೆಯಂತೆ ಕಾಣುವುದೇ ಈ ಸಾಧನದ ದೊಡ್ಡ ಗುಣ, ಅಪಾಯವಿರುವುದೂ ಅಲ್ಲಿಯೇ. ಎಫ್8 ಎಂದರೆ ಅಳಿಸುವ ಕೀಲಿ. ಬಲ ಅಂಕಣದಲ್ಲಿದ್ದೇನೆಂಬುದನ್ನು ಮರೆತು ಒತ್ತಿ, ‘ಹೌದೇ?’ ಎಂಬ ಪ್ರಶ್ನೆಗೂ ಅವಸರದಲ್ಲಿ ಹೌದೆಂದರೆ, ಭಂಡಾರದ ಕಡತವೇ ಹೋಯಿತು. ಹುಡುಕಿ ತೆಗೆಯಲು ಇಲ್ಲಿ ಕಸದ ಬುಟ್ಟಿಯೂ ಇಲ್ಲ. ಬೇರೆಡೆ ಪ್ರತಿ ತೆಗೆದಿಟ್ಟಿದ್ದರಷ್ಟೇ ಉಳಿವು. ಆದ್ದರಿಂದ ವಿದ್ಯಾರ್ಥಿಗಳಿಗೆ ಸರ್ವರಿನಲ್ಲಿ ಓದುವ ಅನುಮತಿಯನ್ನಷ್ಟೇ ಕೊಡುವುದು ಲೇಸು. ತಿದ್ದುವ ಅಧಿಕಾರವುಳ್ಳವರು ಎಫ್8ರತ್ತ ಬೆರಳು ಚಾಚುವ ಮೊದಲು ಅಂಕಣದ ನೆತ್ತಿಯ ಮೇಲಿನ ವಿಳಾಸವನ್ನು ಓದಿಕೊಳ್ಳಬೇಕು.