ಐನೂರು ಹೆಜ್ಜೆಗೆ ಆರೂವರೆ ಕೋಟಿ ವರ್ಷ

ಕಲಬುರಗಿ ಜಿಲ್ಲೆಯ ಚಿಮ್ಮನಚೋಡದ ಎರೆಹೊಲದಲ್ಲಿ ನಿಂತರೆ ಕಾಲಡಿಯೆಲ್ಲ ಕಪ್ಪು. ಚಿಂಚೋಳಿ ದಾಟಿ ಚಂದ್ರಂಪಳ್ಳಿ ಜಲಾಶಯದ ಕಡೆ ಹೊರಳಿದರೆ ಮಣ್ಣು ಕೆಂಪಿಗೆ ತಿರುಗುತ್ತದೆ. ತೊಗರಿ ಸಾಲು ಮುಗಿದು ಕಾಡು ಶುರುವಾಗುತ್ತದೆ, ಗುಡ್ಡದ ನೆತ್ತಿಯಲ್ಲಿ ತೂತು ತೂತಾದ ಕೆಂಪುಕಲ್ಲು ಕಾಣುತ್ತದೆ. ಹತ್ತಲು ಹಗ್ಗ ಬೇಡ, ವಿಶೇಷ ಬೂಟು ಬೇಡ. ಮೊಣಕಾಲು ನೋವಿನವರೂ ನಡುವೆ ಎರಡು ಸಲ ಕೂತು ಎದ್ದು ತುದಿ ಮುಟ್ಟಬಹುದಾದ ಏರು ಅದು. ಕೆಂಪು ಬಂಡೆ ನೋಡಲು ಅಮೆರಿಕದ ಮರುಭೂಮಿಗೇ ಹೋಗಬೇಕು ಎನ್ನುವವರಿಗೆ ಈ ಗುಡ್ಡದ ಲೆಕ್ಕ ಹೇಳಬೇಕೆನಿಸುತ್ತದೆ.

ಬುಡದ ಕರಿಕಲ್ಲಿನಿಂದಲೇ ಲೆಕ್ಕ ಹಿಡಿಯೋಣ. ಅದು ಲಾವಾ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಹರಿದ ಕಲ್ಲಿನ ರಸ. ಈಗ ಉಳಿದಿರುವುದೇ ಹೆಚ್ಚುಕಡಿಮೆ 5 ಲಕ್ಷ ಚದರ ಕಿಲೋಮೀಟರು ಹಬ್ಬಿದೆ. ಸಹ್ಯಾದ್ರಿಯ ಕಡೆ ಅದರ ದಪ್ಪ ಎರಡು ಕಿಲೋಮೀಟರಿಗೂ ಮಿಕ್ಕಿದೆ. ಉಕ್ಕಿದ ಒಟ್ಟು ಲಾವಾವನ್ನು ತೀರ ಜಿಪುಣತನದಿಂದ ಎಣಿಸಿದರೂ 5 ಲಕ್ಷ ಘನ ಕಿಲೋಮೀಟರು. ಇಂಥ ಸಂಖ್ಯೆ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಹಾಗಾಗಿ ನಮ್ಮ ರಾಜ್ಯವನ್ನೇ ಅಳತೆಗೆ ತರೋಣ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರು. ಬೀದರಿನಿಂದ ಚಾಮರಾಜನಗರದವರೆಗೆ ನೆಲವನ್ನೆಲ್ಲ ಸಮುದ್ರಮಟ್ಟಕ್ಕೆ ತಂದು ಅದರ ಮೇಲೆ ಆ ಲಾವಾ ಹರವಿದರೆ ಎತ್ತರ 2,600 ಮೀಟರು ದಾಟುತ್ತದೆ. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರು. ಅದರ ತುದಿಯ ಮಟ್ಟ ದಾಟಿ ಮೇಲೆ ಇನ್ನೂ 600 ಮೀಟರಿಗೂ ಹೆಚ್ಚು ಕಲ್ಲು ನಿಲ್ಲುತ್ತದೆ.

ಇನ್ನೊಂದು ಅಳತೆಯನ್ನೂ ಇಡೋಣ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಎಂಬಲ್ಲಿ ನೆಲ ಬಿರಿದು ಎಂಟು ತಿಂಗಳು ಲಾವಾ ಹರಿಯಿತು. ಬಂದದ್ದು ಸುಮಾರು 15 ಘನ ಕಿಲೋಮೀಟರು. ಅದರ ವಿಷಗಾಳಿಗೆ ಹುಲ್ಲು ಕೆಟ್ಟು, ದನಕುರಿ ಸತ್ತು, ಬರ ಬಿದ್ದು ಆ ದೇಶದ ಐವರಲ್ಲಿ ಒಬ್ಬರು ಹೋದರು. ದಖ್ಖನ್ನಿನ ಲೆಕ್ಕದಲ್ಲಿ ಅಂಥ ಲಾಕಿಗಳು 33 ಸಾವಿರ. ಎಲ್ಲವೂ ಒಂದೇ ಸಲ ಉಕ್ಕಲಿಲ್ಲ. ಬಹುಪಾಲು ಹೊರಬಂದದ್ದು ಹತ್ತು ಲಕ್ಷ ವರ್ಷಗಳ ಆಸುಪಾಸಿನ ಅವಧಿಯಲ್ಲಿ. ಒಂದು ಪದರ ಹರಿದು ತಣಿದ ಮೇಲೆ ಎಷ್ಟೋ ಕಾಲ ನೆಲ ಸುಮ್ಮನಿರುತ್ತಿತ್ತು. ಆ ಬಿಡುವಿನಲ್ಲಿ ಕೆರೆಕುಂಟೆ ಆಗುತ್ತಿದ್ದವು, ಜೀವ ಹುಟ್ಟುತ್ತಿತ್ತು, ಮತ್ತೆ ಲಾವಾ ಬಂದು ಎಲ್ಲ ಮುಚ್ಚುತ್ತಿತ್ತು. ಗುರುಮಠಕಲ್ ಬಳಿ ಹೀಗೆ ಎರಡು ಪದರಗಳ ನಡುವೆ ಸಿಕ್ಕಿಬಿದ್ದ ಕೆಸರಿನಲ್ಲಿ ಅಂದಿನ ಸಿಹಿನೀರಿನ ಸಣ್ಣ ಚಿಪ್ಪುಜೀವಿಗಳ ಪಳೆಯುಳಿಕೆ ಸಿಕ್ಕಿದೆ. ಇದೇ ಕಾಲದಲ್ಲಿ ಮೆಕ್ಸಿಕೋ ಕಡೆ ಹತ್ತು ಕಿಲೋಮೀಟರಿನಷ್ಟು ಅಗಲದ ಆಕಾಶಕಲ್ಲೊಂದು ಬಿತ್ತು, ಡೈನೋಸಾರುಗಳ ಕಥೆ ಮುಗಿಯಿತು. ಆ ಆಕಾಶಕಲ್ಲಿನ ಸುದ್ದಿ ಶಾಲೆ ಮಕ್ಕಳಿಗೂ ಗೊತ್ತು, ನಮ್ಮ ಹೊಲದಡಿಯ ಕಲ್ಲಿನ ಸುದ್ದಿ ಯಾರಿಗೂ ಬೇಡ.

ಲಾವಾ ಎಷ್ಟು ದೂರ ಓಡಿತು ಎಂಬುದೂ ಸಣ್ಣ ಮಾತಲ್ಲ. ಆಂಧ್ರದ ರಾಜಮಹೇಂದ್ರಿಯ ಹತ್ತಿರ, ಗೋದಾವರಿ ದಡದಲ್ಲಿ, ಸಹ್ಯಾದ್ರಿಯ ಲಾವಾದ ಗುಣವೇ ಇರುವ ಕಲ್ಲಿದೆ. ನಡುವಿನ ದೂರ ಸಾವಿರ ಕಿಲೋಮೀಟರಿನ ಹತ್ತಿರ. ಮೇಲಿನ ಪೊರೆ ತಣಿದು ಗಟ್ಟಿಯಾದರೂ ಒಳಗಿನ ರಸ ಬಿಸಿ ಕಳೆದುಕೊಳ್ಳದೆ ಹರಿಯುತ್ತಲೇ ಇತ್ತು, ಅದರಿಂದಲೇ ಅಷ್ಟು ದೂರ. ಭೂಮಿಯ ಮೇಲೆ ಗೊತ್ತಿರುವ ಅತಿ ಉದ್ದದ ಲಾವಾ ಪ್ರವಾಹಗಳಲ್ಲಿ ಇದೂ ಒಂದು.

ಇನ್ನು ನೆತ್ತಿಯ ಕೆಂಪು. ಬಾದಾಮಿಯ ಕಲ್ಲೂ ಕೆಂಪೇ, ಆದರೆ ಅದು ಮರಳುಗಲ್ಲು. ಮರಳಿನ ಹರಳುಗಳಿಗೆ ಕಬ್ಬಿಣದ ತೆಳು ಲೇಪ ಹತ್ತಿ ಬಂದ ಬಣ್ಣ. ಅಮೆರಿಕದ ಕೆಂಪು ಬಂಡೆಗಳದ್ದೂ ಹೆಚ್ಚಾಗಿ ಅದೇ ಕಥೆ. ಚಿಂಚೋಳಿಯ ಕಲ್ಲು ಹಾಗಲ್ಲ. ಅದು ಜಂಬಿಟ್ಟಿಗೆ, ಒಳಗೂ ಹೊರಗೂ ಕಬ್ಬಿಣ. ಕರಿಕಲ್ಲಿನಲ್ಲಿ ಅರ್ಧದಷ್ಟು ಸಿಲಿಕ. ಬಿಸಿಲು ಮಳೆ ಎರಡೂ ಜೋರಾಗಿರುವ ಕಡೆ ನೀರು ಆ ಸಿಲಿಕವನ್ನೂ ಸುಣ್ಣದಂಶವನ್ನೂ ಕರಗಿಸಿ ಒಯ್ಯುತ್ತದೆ. ಕರಗದ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿದು ತುಕ್ಕು ಹಿಡಿದು ಗಟ್ಟಿಯಾಗುತ್ತವೆ. ಅಂದರೆ ಕಾಲಡಿಯ ಒಂದು ಗೇಣು ಕೆಂಪುಕಲ್ಲಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಕರಿಕಲ್ಲು ಸವೆದಿದೆ.

ಒಣ ಬಿಸಿಲಿನ ಈ ಸೀಮೆಗೆ ಅಷ್ಟು ಮಳೆ ಎಲ್ಲಿಂದ ಬಂತು? ಮಳೆ ಇಲ್ಲಿಗೆ ಬರಲಿಲ್ಲ, ನೆಲವೇ ಮಳೆ ಇದ್ದಲ್ಲಿಗೆ ಹೋಯಿತು. ಲಾವಾ ಉಕ್ಕಿದಾಗ ಈ ಭೂಭಾಗ ಸಮಭಾಜಕದಿಂದ 20 ಡಿಗ್ರಿಗೂ ಹೆಚ್ಚು ದಕ್ಷಿಣದಲ್ಲಿತ್ತು. ಆಗ ಅದರ ಓಟ ವರ್ಷಕ್ಕೆ 15 ಸೆಂಟಿಮೀಟರಿಗೂ ಮೇಲೆ, ಈಗ ಐದರ ಆಸುಪಾಸು. ಹೀಗೆ ಉತ್ತರಕ್ಕೆ ಸರಿಯುತ್ತ ಸಮಭಾಜಕದ ಮಳೆಪಟ್ಟಿಯನ್ನು ಹಾದು ಬಂತು. ಚಿಂಚೋಳಿ ಇಂದು ಇರುವುದು 17 ಡಿಗ್ರಿ ಉತ್ತರ ದಾಟಿ. ಒಟ್ಟು ಪ್ರಯಾಣ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು, ಅದೂ ನಿಂತ ಗುಡ್ಡ ನಿಂತಹಾಗೇ.

ಈ ಕಲ್ಲಿನ ಗುಣ ಬೀದರಿನವರಿಗೆ ಚೆನ್ನಾಗಿ ಗೊತ್ತಿತ್ತು. ಕಡಿಯುವಾಗ ಮೆತ್ತಗೆ, ಗಾಳಿ ಬಡಿದಂತೆ ಗಟ್ಟಿ. 15ನೇ ಶತಮಾನದಲ್ಲಿ ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದಾಗ ಕೋಟೆಯ ಕಂದಕವನ್ನು ಇದೇ ಕಲ್ಲಿನಲ್ಲಿ ಕೊರೆದರು. ಕೆಂಪುಕಲ್ಲು ಕುಡಿದ ಮಳೆನೀರು ಕೆಳಗಿನ ಪದರಕ್ಕೆ ತಾಗಿ ಅಲ್ಲೇ ನಿಲ್ಲುತ್ತದೆ. ಆ ನೀರು ಹಿಡಿಯಲು ಕರೇಜ್ ಎಂಬ ಸುರಂಗ ಕಾಲುವೆ ತೋಡಿದರು.

ಈಗ ಚಿಂಚೋಳಿ ಗುಡ್ಡದ ಆ ಏರನ್ನು 500 ಹೆಜ್ಜೆ ಎಂದಿಟ್ಟುಕೊಳ್ಳಿ, ಹೆಜ್ಜೆಗೆ 60 ಸೆಂಟಿಮೀಟರು. ಬುಡದಲ್ಲಿ ಲಾವಾ ಉಕ್ಕಿದ ದಿನ, ತುದಿಯಲ್ಲಿ ಇವತ್ತು. ಒಂದು ಹೆಜ್ಜೆಗೆ 1,32,000 ವರ್ಷ. ನಮ್ಮಂಥ ಮನುಷ್ಯರು ಹುಟ್ಟಿ ಸುಮಾರು 3 ಲಕ್ಷ ವರ್ಷ. ನಮ್ಮ ಪಾಲಿಗೆ ಕೊನೆಯ ಎರಡು ಹೆಜ್ಜೆ, ಮೂರನೆಯದಕ್ಕೆ ಕಾಲೆತ್ತುವಷ್ಟು. ಇಲ್ಲಿಂದ ದೂರವಿಲ್ಲದ ಮಳಖೇಡದಲ್ಲಿ ನೃಪತುಂಗ ಆಳುತ್ತಿದ್ದ, ಕವಿರಾಜಮಾರ್ಗ ಹುಟ್ಟಿದ ಕಾಲ ಬೇಕೆಂದರೆ ತುದಿಯಿಂದ ಅರ್ಧ ಸೆಂಟಿಮೀಟರು ಹಿಂದೆ ಸರಿಯಬೇಕು. ಕನ್ನಡ ಸಾಹಿತ್ಯದ ಇಷ್ಟೂ ಶತಮಾನ ಒಂದು ತೊಗರಿಕಾಳಿನ ಅಗಲದಲ್ಲಿ ಮುಗಿಯುತ್ತದೆ!

ಅದೇ ಅಳತೆಯಲ್ಲಿ ಹಿಂದಕ್ಕೆ ನಡೆದರೆ? ಶಹಾಬಾದ್, ವಾಡಿ, ಸೇಡಂಗಳಲ್ಲಿ ಮನೆಗೆ ಹಾಸುವ ಫರಸಿ ಕಲ್ಲು, ಸಿಮೆಂಟ್ ಕಾರ್ಖಾನೆಗಳು ಅಗೆಯುವ ಸುಣ್ಣಕಲ್ಲು, ಈ ಲಾವಾಕ್ಕಿಂತ ಎಷ್ಟೋ ಹಿರಿದು. ಅದರ ವಯಸ್ಸಿನ ಬಗ್ಗೆ ಪಂಡಿತರ ಜಗಳ ಇನ್ನೂ ಮುಗಿದಿಲ್ಲ. 50 ಕೋಟಿ ವರ್ಷ ಎಂದು ಕಡಿಮೆ ಹಿಡಿದರೂ ಗುಡ್ಡದ ತುದಿಯಿಂದ ಎರಡು ಕಿಲೋಮೀಟರಿಗೂ ಹೆಚ್ಚು ದೂರ. ಭೂಮಿ ಹುಟ್ಟಿದ ಗಳಿಗೆಗೆ 20 ಕಿಲೋಮೀಟರು. ಅಲ್ಲಿಗೆ ಬಸ್ಸೇ ಹಿಡಿಯಬೇಕು.

ನೇಗಿಲು ಇಳಿಯದ ಕಲ್ಲುನೆಲ ಎಂದೇ ಚಿಂಚೋಳಿಯ ಗುಡ್ಡಗಳಲ್ಲಿ ಕಾಡು ಉಳಿಯಿತು ಎಂಬುದು ನನ್ನ ಎಣಿಕೆ. 2011ರಲ್ಲಿ ಈ ಕಾಡನ್ನು ವನ್ಯಜೀವಿಧಾಮವೆಂದು ಘೋಷಿಸಿದರು, ವಿಸ್ತೀರ್ಣ 134.88 ಚದರ ಕಿಲೋಮೀಟರು, ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮ ಎಂಬ ಹೆಸರು. ಹೋಗುವವರು ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ ಹೋಗಿ. ದೀಪಾವಳಿಯಿಂದ ಶಿವರಾತ್ರಿವರೆಗೆ ಒಳ್ಳೆಯ ಕಾಲ, ಬೇಸಿಗೆಯ ಮಧ್ಯಾಹ್ನ ಮಾತ್ರ ಬೇಡವೇ ಬೇಡ. ನೀರಿನ ಬಾಟಲಿ ಒಯ್ಯಿರಿ, ಖಾಲಿ ಬಾಟಲಿ ವಾಪಸ್ ತನ್ನಿ.