ಲ್ಯಾಬ್‌ನ ಇಲಿ, ನಮ್ಮ ತೆರಿಗೆ, 200 ರೂಪಾಯಿ ದಂಡ

ಶಿವಾಜಿನಗರದಿಂದ ಮಾತಾಡ್ತಿದ್ದೀನಿ, ಹಿಂದೆ ಬಸ್ ಹಾರ್ನ್ ಕೇಳಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ. ಇವತ್ತಿನ ಪ್ರಶ್ನೆ: ಯೂನಿವರ್ಸಿಟಿ ಲ್ಯಾಬ್‌ಗಳಲ್ಲಿ ಪ್ರಾಣಿಗೆ ನೋವಾಗುವ ಪ್ರಯೋಗಕ್ಕೆ ಸರ್ಕಾರದ ದುಡ್ಡು ಹೋಗ್ಬೇಕಾ?

ಅಮೆರಿಕದ ವರ್ಜೀನಿಯಾ ರಾಜ್ಯ 2018ರಲ್ಲಿ ಇದಕ್ಕೆ ಕಾನೂನೇ ಮಾಡ್ತು. ನಾಯಿ, ಬೆಕ್ಕುಗಳಿಗೆ ನೋವು ತಡೆಯುವ ಔಷಧಿ ಕೊಡದೆ ಮಾಡುವ, ವೈದ್ಯಕೀಯವಾಗಿ ಅನಗತ್ಯವಾದ ಪ್ರಯೋಗಕ್ಕೆ ರಾಜ್ಯದ ಹಣ ಇಲ್ಲ. ಗಮನಿಸಿ, ಪ್ರಯೋಗ ನಿಷೇಧಿಸಲಿಲ್ಲ. ಪರ್ಸ್ ಮುಚ್ಚಿದ್ರು, ಅಷ್ಟೆ. ಆದ್ರೆ ಲ್ಯಾಬ್‌ಗಳಲ್ಲಿ ಹೆಚ್ಚು ಬಳಸೋದು ಇಲಿಗಳನ್ನ, ಅವು ಈ ಪಟ್ಟಿಯಲ್ಲೇ ಇಲ್ಲ!

ನಮ್ಮ ದಾರಿ ಬೇರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ದುಡ್ಡಿನ ಮಾತೇ ಆಡಲ್ಲ, ಷರತ್ತು ಹಾಕುತ್ತೆ. ಅರಿವಳಿಕೆ ಕೊಡಬೇಕು. ಪುಸ್ತಕ, ಮಾಡೆಲ್, ಫಿಲ್ಮ್‌ನಲ್ಲೇ ಪಾಠ ಆಗೋದಾದ್ರೆ ಪ್ರಾಣಿಯನ್ನು ಬಳಸಬಾರದು. ಬರೀ ಕೈ ಪಳಗಿಸೋಕೆ ಕೊಯ್ಯೋದೂ ಸಾಧ್ಯವಾದಷ್ಟು ಬೇಡ. 1998ರ ನಿಯಮಗಳ ಪ್ರಕಾರ ಸಂಸ್ಥೆ ನೋಂದಣಿ ಆಗಿರಬೇಕು, ಪ್ರಾಣಿಯೂ ನೋಂದಾಯಿತ ಸಾಕಣೆದಾರರಿಂದಲೇ ಬರಬೇಕು. ರಸೆಲ್ ಮಾರ್ಕೆಟ್ ಹತ್ರ ಮೊಲ ಕೊಂಡು ಲ್ಯಾಬ್‌ಗೆ ಒಯ್ಯೋ ಹಾಗಿಲ್ಲ. ಇಲ್ಲಿನ ಬೌರಿಂಗ್ ಮೆಡಿಕಲ್ ಕಾಲೇಜಿರಲಿ, ಐಐಎಸ್‌ಸಿ ಇರಲಿ, ಪ್ರಾಣಿ ಪ್ರಯೋಗ ಮಾಡೋದಾದ್ರೆ ಎಲ್ಲರಿಗೂ ಅದೇ ರೂಲ್ಸ್.

ಕೇಂದ್ರ ಸಮಿತಿಯ ಆದೇಶ ಮುರಿದ್ರೆ? 1960ರಲ್ಲಿ ಬರೆದ ದಂಡ ಗರಿಷ್ಠ 200 ರೂಪಾಯಿ. ನಮ್ಮ ಏರಿಯಾದಲ್ಲಿ ಇಬ್ಬರ ಬಿರಿಯಾನಿಗೂ ಸಾಲಲ್ಲ. ಆ ಸಂಸ್ಥೆಯಲ್ಲಿ ಪ್ರಯೋಗವನ್ನೇ ನಿಲ್ಲಿಸುವ ಅಧಿಕಾರ ಸಮಿತಿಗಿದೆ, ಹೆದರಿಕೆ ಇದ್ರೆ ಅದಕ್ಕೇ.

ಬಿಕಾಂ ತಲೆ ನಂದು, ಹಾಗಾಗಿ ಗ್ರಾಂಟ್ ಕಡೆ ನೋಡ್ತೀನಿ. ಲಕ್ಷಗಟ್ಟಲೆ ಗ್ರಾಂಟ್ ಇರೋ ಕಡೆ 200 ರೂಪಾಯಿ ಯಾರ ಲೆಕ್ಕಕ್ಕೂ ಬರಲ್ಲ, ಗ್ರಾಂಟ್ ನಿಂತ್ರೆ ಬರುತ್ತೆ. ಆದ್ರೆ ಕಣ್ಮುಚ್ಚಿ ನಿಲ್ಲಿಸೋಕೂ ಆಗಲ್ಲ. ಹೊಸ ನೋವಿನ ಮಾತ್ರೆ ಪರೀಕ್ಷಿಸ್ಬೇಕಂದ್ರೆ ನೋವು ಇರ್ಲೇಬೇಕು, ಬೇರೆ ನೋವು ನಿವಾರಕ ಕೊಟ್ರೆ ಫಲಿತಾಂಶವೇ ಕೆಡುತ್ತೆ. ಅದಕ್ಕೇ ಪೂರ್ತಿ ನಿಷೇಧಕ್ಕಿಂತ ಒಂದು ಷರತ್ತು ಸಾಕು ಅನ್ಸುತ್ತೆ: ಪ್ರಾಣಿ ಇಲ್ಲದ ವಿಧಾನ ಇದ್ದೂ ನೋವಿನ ದಾರಿ ಹಿಡಿದ್ರೆ ಸರ್ಕಾರದ ಹಣ ಬೇಡ. 2023ರಲ್ಲಿ ಔಷಧಿ ಪರೀಕ್ಷೆಯ ನಿಯಮಗಳೂ ಅಂಥ ವಿಧಾನಗಳನ್ನ ಒಪ್ಪಿವೆ.

ಇಲಿಯಂಥ ಸಣ್ಣ ಪ್ರಾಣಿಗಳ ಪ್ರಯೋಗಕ್ಕೆ ಒಪ್ಪಿಗೆ ಕೊಡೋದು ಆಯಾ ಸಂಸ್ಥೆಯ ಎಥಿಕ್ಸ್ ಕಮಿಟಿ. ಅದರಲ್ಲಿ ಒಂದು ಕುರ್ಚಿ ವಿಜ್ಞಾನಿ ಅಲ್ಲದವರಿಗೆ ಮೀಸಲು. ನಾನು ಕೂತಿದ್ರೆ ಕೇಳೋ ಮೊದಲ ಪ್ರಶ್ನೆ: ಬಜೆಟ್‌ನಲ್ಲಿ ಅರಿವಳಿಕೆಗೆ ಎಷ್ಟು ಇಟ್ಟಿದ್ದೀರಿ?