ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಏನೇನು ಕಾಣುತ್ತದೆ?

ಐದು ತಿಂಗಳು ತುಂಬುವ ಹೊತ್ತಿಗೆ ತುರುವೇಕೆರೆ ಸೀಮೆಯ ಬಸುರಿಯರು ತಾಯಿ ಕಾರ್ಡ್ ಹಿಡಿದು ಸ್ಕ್ಯಾನಿಂಗ್‌ಗೆಂದು ತಿಪಟೂರು, ತುಮಕೂರಿನ ಬಸ್ ಹತ್ತುವುದುಂಟು. 18ರಿಂದ 22ನೇ ವಾರದೊಳಗೆ ಮಾಡುವ ಈ ಪರೀಕ್ಷೆಗೆ ವೈದ್ಯರು ‘ಅನಾಮಲಿ ಸ್ಕ್ಯಾನ್’ ಎನ್ನುತ್ತಾರೆ.

ಹೊಟ್ಟೆಗೆ ತಣ್ಣನೆಯ ಜೆಲ್ ಸವರಿ, ಮೇಲೆ ಪ್ರೋಬ್ ಆಡಿಸುತ್ತಾರೆ. ಅದು ಹೊಮ್ಮಿಸುವ, ಕಿವಿಗೆ ಕೇಳಿಸದ ಶಬ್ದತರಂಗಗಳು ಮಗುವಿಗೆ ತಾಕಿ ಮರಳಿ, ಪರದೆಯ ಮೇಲೆ ಚಿತ್ರವಾಗುತ್ತವೆ. ಎಕ್ಸ್‌ರೇ ಕಿರಣದ ಮಾತೇ ಇಲ್ಲ. ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಈ ವಿಧಾನವನ್ನು ವೈದ್ಯಲೋಕದ ಮುಂದಿಟ್ಟರು.

20 ವಾರದ ಮಗು ಸುಮಾರು 300 ಗ್ರಾಂ ತೂಗುತ್ತದೆ. ಅಷ್ಟರಲ್ಲೇ ಹೃದಯದ ನಾಲ್ಕು ಕೋಣೆ, ಬೆನ್ನುಮೂಳೆಯ ಸಾಲು, ಮೂತ್ರಪಿಂಡ, ಮೇಲ್ದುಟಿ ಕಾಣುತ್ತವೆ. ತಲೆ ಮತ್ತು ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಅಳೆದು ಬೆಳವಣಿಗೆಯ ಲೆಕ್ಕ ಹಾಕುತ್ತಾರೆ. ‘ಮಾಸು ಕೆಳಗಿದೆ’ ಎಂದು ರಿಪೋರ್ಟಿನಲ್ಲಿದ್ದರೆ ಗಾಬರಿಬೀಳಬೇಕಿಲ್ಲ. ಗರ್ಭಕೋಶ ಹಿಗ್ಗಿದಂತೆ ಬಹುಪಾಲು ಮಂದಿಯಲ್ಲಿ ಅದು ಮೇಲೇರುತ್ತದೆ. 32ನೇ ವಾರದ ಹೊತ್ತಿಗೆ ಮತ್ತೊಮ್ಮೆ ನೋಡುತ್ತಾರೆ. ರಕ್ತಸ್ರಾವ ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎಲ್ಲವೂ ಕಾಣುತ್ತದೆಂದಲ್ಲ. ಹೃದಯದ ಸಣ್ಣ ರಂಧ್ರ ಕಣ್ತಪ್ಪಬಹುದು. ಡೌನ್ ಸಿಂಡ್ರೋಮ್ ಇಲ್ಲವೆಂದು ಇದೊಂದರಿಂದಲೇ ಹೇಳಲಾಗದು.

ಗಂಡೋ ಹೆಣ್ಣೋ ಎಂದು ಕೇಳುವಂತಿಲ್ಲ, ಹೇಳುವಂತಿಲ್ಲ. 1994ರ ಕಾಯ್ದೆಯಡಿ ಹೇಳಿದವರಿಗೆ 3 ವರ್ಷದವರೆಗೆ ಜೈಲು. ಗಂಭೀರ ನ್ಯೂನತೆ ಕಂಡುಬಂದರೆ, ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ 24 ವಾರ ದಾಟಿದ ಮೇಲೂ ವೈದ್ಯಕೀಯ ಮಂಡಳಿ ಒಪ್ಪಿದಲ್ಲಿ ಗರ್ಭಪಾತಕ್ಕೆ ಅವಕಾಶವಿದೆ. ಸೀಳುತುಟಿಯಂಥದ್ದಾದರೆ, ಶಸ್ತ್ರಚಿಕಿತ್ಸಕರನ್ನು ಮೊದಲೇ ಕಂಡು, ಹೆರಿಗೆ ಎಲ್ಲಿ ಮಾಡಿಸುವುದೆಂದು ಮನೆಯವರು ತೀರ್ಮಾನಿಸಿಕೊಳ್ಳಬಹುದು.